ಮಣ್ಣಿನಲ್ಲಿ ನಿಂತ ಉಸಿರು

ನಮ್ಮೂರಿನಲ್ಲಿ ಕೂಗುವುದಕ್ಕೆ ಕಾಸು ಬೇಡ, ಕೂಗಿದ್ದನ್ನು ತೆಗೆಸುವುದಕ್ಕೆ ಬೇಕು. ಗಂಡ ಹೆಂಡತಿ ನಡುಮನೆಯಲ್ಲಿ ನಿಂತು ಗಂಟಲು ಹರಿಯುವ ಹಾಗೆ ಜಗಳವಾಡಿದರು ಎಂದಿಟ್ಟುಕೊಳ್ಳಿ. ಅಷ್ಟಗಲದ ನೆಲ ಅಗೆದು, ಹೊಸ ಮಣ್ಣು ತುಂಬಿ, ದಮ್ಮಸ್ಸು ಮಾಡಿ ಸಾರಿಸುವುದಕ್ಕೆ ಒಬ್ಬ ಗಂಡಾಳು, ಇಬ್ಬರು ಹೆಣ್ಣಾಳು, ಒಂದು ಗಾಡಿ ಮಣ್ಣು, ಅದರ ಮೇಲೆ ಅವರ ಊಟ. ತೆಗೆಸದೆ ಬಿಟ್ಟರೆ ಮನೆ ಬಾಡಿಗೆ ಅರ್ಧಕ್ಕೆ ಇಳಿಯುತ್ತದೆ. ಕೂಸು ಕೇಕೆ ಹಾಕಿ ನಕ್ಕ ಜಗುಲಿಯಿದ್ದರೆ ಕಾಲುಪಾಲು ಏರುತ್ತದೆ. ಇನ್ನು ಕಬಡ್ಡಿ ಅಂಕಣದ ಮಣ್ಣು ಬದಲಿಸುವುದೆಂದರೆ ಮದುವೆ ಮಾಡಿದಷ್ಟೇ ಖರ್ಚು: ಸುತ್ತ ನಿಲ್ಲುವ ಜನರ ಜಾಗವನ್ನೂ ಸೇರಿಸಿ ಮೊಳದಾಳ ಅಗೆಯಬೇಕು, ಕೆರೆಯಾಚೆಯ ಗುಡ್ಡದಿಂದ ಕೆಮ್ಮಣ್ಣು ತರಬೇಕು, ನೀರು ಹೊಡೆದು ರೋಲರ್ ಎಳೆಸಬೇಕು. ಊರು ಇದನ್ನೆಲ್ಲ ಲೆಕ್ಕ ಹಾಕಿಯೇ ಮೆಲ್ಲಗೆ ಮಾತಾಡುವುದನ್ನು ಕಲಿತಿದೆ.

ಮಣ್ಣು ಕಾದಾಗ ದನಿ ಏಳುತ್ತದೆ, ಆರಿದಾಗ ಅಡಗುತ್ತದೆ. ಪಿಸುಮಾತು, ಮೆಲುಮಾತು ಮಣ್ಣಿನಲ್ಲಿ ನಿಲ್ಲುವುದಿಲ್ಲ. ಎತ್ತಿದ ದನಿ ಮಾತ್ರ, ಯಾರು ಎಲ್ಲಿ ನಿಂತು ಎತ್ತಿದರೋ ಅಲ್ಲೇ ನಿಲ್ಲುತ್ತದೆ. ನಮ್ಮ ಬೀದಿಯ ಮೂಲೆಯಲ್ಲಿ ಒಬ್ಬ ಹೊರಗಿನವನು ಯಾವತ್ತೋ ಒಮ್ಮೆ 'ದಂಟಿನ ಸೊಪ್ಪೋ' ಎಂದು ಕೂಗಿ ಹೋಗಿದ್ದ. ಇವತ್ತಿಗೂ ಬಿಸಿಲೇರಿದ ಮೇಲೆ ಹೊಸದಾಗಿ ಬಂದ ಸೊಸೆಯಂದಿರು ಮೊರ ಹಿಡಿದು ಹೊರಗೆ ಬರುತ್ತಾರೆ, ಅತ್ತೆಯರು ನಗುತ್ತಾರೆ. ಕಬಡ್ಡಿಯನ್ನೂ ನಾವು ಹಾಗೆಯೇ ಆಡುವುದು. ದಾಳಿಗೆ ಹೋದವನು ಜಪ ಮಾಡುವ ಹಾಗೆ ಬಾಯೊಳಗೇ 'ಕಬಡ್ಡಿ ಕಬಡ್ಡಿ' ಎನ್ನುತ್ತಾನೆ, ಸುತ್ತ ನಿಂತವರು ಕೂಗುವ ಬದಲು ಹೆಗಲ ಮೇಲಿನ ವಲ್ಲಿ ಬೀಸುತ್ತಾರೆ. ಒಳ್ಳೆಯ ಹಿಡಿತಕ್ಕೆ ಐನೂರು ವಲ್ಲಿ ಒಟ್ಟಿಗೆ ಎದ್ದಾಗ ಬರುವ ಗಾಳಿಗೆ ನನ್ನ ಸೆರಗು ಹಾರುತ್ತಿತ್ತು.

ನಾನು ಹೊಲಿಗೆಯವಳು, ಹೆಸರು ಸಾಕಮ್ಮ. ಊರಿನಲ್ಲಿ ಎರಡು ಲೀಗು. ಬೆಲ್ಲದ ಮಂಡಿಯ ಹಮಾಲರು, ಗಾಡಿಯವರು, ಗುಮಾಸ್ತರು ಸೇರಿ ಕಟ್ಟಿದ್ದು ಮಂಡಿ ಲೀಗು. ಅಕ್ಕಿ ಗಿರಣಿಗಳ ಆಳುಗಳದ್ದು ಗಿರಣಿ ಲೀಗು. ಎರಡಕ್ಕೂ ಇರುವುದು ಒಂದೇ ಅಂಕಣ. ಎರಡಕ್ಕೂ ಚಡ್ಡಿ, ಬನಿಯನ್ನು ಹೊಲಿಯುವವಳು ನಾನೊಬ್ಬಳೇ. ವರ್ಷಕ್ಕೊಮ್ಮೆ ಮಂಡಿಯಲ್ಲಿ ಗೆದ್ದ ತಂಡಕ್ಕೂ ಗಿರಣಿಯಲ್ಲಿ ಗೆದ್ದ ತಂಡಕ್ಕೂ ದೊಡ್ಡಾಟ. ಗೆದ್ದ ಲೀಗು ಸೋತ ಲೀಗಿಗೆ ಊಟ ಹಾಕಬೇಕು, ಬಡಿಸುವುದೂ ಗೆದ್ದವರೇ. ಸೋತವರು ಬೇಕೆಂದೇ ಇನ್ನೂ ಎರಡು ಮುದ್ದೆ ಕೇಳಿ ಗೆದ್ದವರನ್ನು ಓಡಾಡಿಸುತ್ತಿದ್ದರು. ಅಂಥ ಊರು ನಮ್ಮದು.

ಅದು ಕೆಟ್ಟಿದ್ದು ಚಲುವ ಸತ್ತ ದಿನ. ಚಲುವ ಮಂಡಿ ಕಡೆಯ ದಾಳಿಗಾರ. ಪುರಿ ಭಟ್ಟಿಯ ಗೌರವ್ವನ ತಮ್ಮ. ತಾಯಿ ಹೆರಿಗೆಯಲ್ಲೇ ಹೋದಾಗ ಗೌರವ್ವನಿಗೆ ಹದಿನಾಲ್ಕು ವರ್ಷ. ಅಂದಿನಿಂದ ಅವಳೇ ತಾಯಿ. ಮದುವೆಯಾಗಲಿಲ್ಲ, ಭಟ್ಟಿಯ ಮುಂದೆ ಕೂತು ಮರಳಿನಲ್ಲಿ ಅಕ್ಕಿ ಹುರಿದು ಪುರಿ ಮಾಡಿ ಅವನನ್ನು ಸಾಕಿದಳು. ಹುಡುಗ ತುಂಟ. ಅವನದೊಂದು ಆಟವಿತ್ತು. ಎದುರಾಳಿಗಳು ಹಿಡಿದುಕೊಂಡಾಗ ಇದ್ದಕ್ಕಿದ್ದಂತೆ ಕೈಕಾಲು ಸಡಿಲ ಬಿಟ್ಟು ಹೆಣದ ಹಾಗೆ ಬೀಳುವುದು. ಅಯ್ಯೋ ಪೆಟ್ಟಾಯಿತೇನೋ ಎಂದು ಅವರು ಹಿಡಿತ ಬಿಟ್ಟರೆ, ಬಾಯೊಳಗೆ ಉಸಿರು ನಡೆಯುತ್ತಲೇ ಇರುತ್ತಿತ್ತು, ಟಪ್ಪನೆ ಹಾರಿ ನಡುಗೆರೆ ಮುಟ್ಟುತ್ತಿದ್ದ. ಎರಡು ಲೀಗಿಗೂ ಈ ಆಟ ಗೊತ್ತು. ಬೈದುಕೊಳ್ಳುತ್ತಲೇ ನಗುತ್ತಿದ್ದರು.

ಆವತ್ತು ದೊಡ್ಡಾಟದ ಕೊನೆಯ ದಾಳಿ, ಅಂಕಗಳು ಸಮ. ಚಲುವ ಇಬ್ಬರನ್ನು ಮುಟ್ಟಿ ತಿರುಗಿದ. ಗಿರಣಿ ತಂಡದ ನಾಯಕ ದೊಡ್ಡಸ್ವಾಮಿ ಅವನ ಕಣಕಾಲು ಹಿಡಿದ. ಉಳಿದವರು ಮೇಲೆ ಬಿದ್ದರು, ದೊಡ್ಡಸ್ವಾಮಿಯೂ ಕಾಲಿನಿಂದ ಹೆಗಲಿನವರೆಗೆ ತೆವಳಿ ಅದುಮಿದ. ನಡುಗೆರೆಗೆ ಒಂದು ಗೇಣು ಬಾಕಿ. ಅಲ್ಲಿಯವರೆಗೆ ಬಾಯೊಳಗಿದ್ದ ಚಲುವನ ಉಸಿರು ದನಿಯೆತ್ತಿತು. ನಮ್ಮೂರಿನ ಅಂಕಣದಲ್ಲಿ ಯಾರೂ ಹಾಗೆ ಆಡಿರಲಿಲ್ಲ. 'ಕಬಡ್ಡಿ! ಕಬಡ್ಡಿ! ಕಬಡ್ಡಿ!' ವಲ್ಲಿಗಳು ನಿಂತುಹೋದವು. ಆಮೇಲೆ ದನಿ ನಡುವಿನಲ್ಲೇ ತುಂಡಾಗಿ ಅವನು ಸಡಿಲವಾಗಿ ಬಿದ್ದ. ಆಗ ದೊಡ್ಡಸ್ವಾಮಿ ಕೂಗಿದ: "ಬಿಡಬ್ಯಾಡ್ರೋ! ನಾಟ್ಕ ಆಡ್ತಾವ್ನೆ!" ಅದರ ಬೆನ್ನಿಗೇ ಗಿರಣಿ ಕಡೆಯ ಜನರ ನಡುವಿನಿಂದ ಒಂದು ಹೆಣ್ಣಿನ ನಗು, ತಡೆಯಲಾರದೆ ಉಕ್ಕಿದ ನಗು, ಕೇಳಿಸಿತು. ಅವರು ಬಿಡಲಿಲ್ಲ. ಬಿಟ್ಟಾಗ ಅವನು ಏಳಲಿಲ್ಲ.

ಹುಟ್ಟಿನಿಂದಲೇ ಎದೆಯಲ್ಲಿ ದೋಷವಿತ್ತು, ಯಾರ ಕೈಯದೂ ತಪ್ಪಲ್ಲ ಎಂದು ಡಾಕ್ಟರು ಹೇಳಿದರು. ಅವರು ಅದನ್ನು ಒಂದು ಕೋಣೆಯೊಳಗೆ ಮೆಲುದನಿಯಲ್ಲಿ ಹೇಳಿದರು; ಅದು ಎಲ್ಲೂ ನಿಲ್ಲಲಿಲ್ಲ. ಕೂಗಿದ್ದು ಮಾತ್ರ ಮಣ್ಣಿನಲ್ಲಿ ನಿಂತಿತು.

ಮಾರನೆಯ ವರ್ಷ ಆಡಲು ನೋಡಿದರು. ಚಲುವ ಬಿದ್ದ ಕಡೆಯ ಅರ್ಧ ಅಂಕಣಕ್ಕೆ ದಾಳಿಗಾರ ಹೋದ ಕೂಡಲೇ ಕಾದ ಮಣ್ಣಿನಿಂದ ಚಲುವನ ದನಿ ಏಳುತ್ತಿತ್ತು. ದಾಳಿಗಾರನ ಉಸಿರು ಮುರಿಯಿತೋ ಇಲ್ಲವೋ ಎಂದು ತೀರ್ಪುಗಾರನಿಗೆ ಹೇಗೆ ಗೊತ್ತಾಗಬೇಕು? ಮುರಿಯಿತು ಎನ್ನುವವರು ಕೆಲವರು, ಇನ್ನೂ ನಡೀತಿದೆ ಎನ್ನುವವರು ಕೆಲವರು. ಬೆಳಗಿನ ಜಾವದ ತಣ್ಣನೆ ಮಣ್ಣಿನಲ್ಲಿ ಆಡೋಣವೆಂದರೆ ಅದು ಮಂಡಿಗೆ ಗಾಡಿ ಬರುವ ಹೊತ್ತು, ಗಿರಣಿಯಲ್ಲಿ ಮೊದಲ ಪಾಳಿ. ಎರಡನೆಯ ಪಂದ್ಯಕ್ಕೇ ತಲೆ ಒಡೆಯಿತು. ಮಂಡಿಯವರು ಆ ನಕ್ಕವಳ ಮಾತನ್ನೇ ಹಿಡಿದುಕೊಂಡರು. "ನಿಮ್ಮೋಳು ಯಾವಳೋ ಹೆಣ ನೋಡಿ ನಕ್ಕವ್ಳೆ, ತಂದು ನಿಲ್ಸಿ." ನಮ್ಮವರು ಯಾರೂ ನಕ್ಕಿಲ್ಲ ಎಂದು ಗಿರಣಿಯವರು. ಮಂಡಿಯವರು ಅಂಕಣದ ಅಂಚಿನಲ್ಲಿ ಸಾಲಾಗಿ ನಿಂತು ಆ ಹೆಂಗಸಿನ ನಾಲಿಗೆ ಸೀದುಹೋಗಲಿ, ವಂಶ ಅಳಿಯಲಿ ಎಂದು ಶಪಿಸಿದರು. ಆ ಶಾಪಗಳೂ ಅಲ್ಲೇ ನಿಂತವು. ಮಂಡಿಯ ಹಮಾಲರು ಗಿರಣಿಯ ಮೂಟೆ ಎತ್ತುವುದನ್ನು ಬಿಟ್ಟರು. ಒಂದು ಮದುವೆಯ ಮಾತು ಮುರಿಯಿತು. ಇವರ ಹುಡುಗರು ಅವರ ಕೇರಿಗೆ ಹೋಗುವುದು ನಿಂತಿತು. ನನ್ನ ಅಂಗಡಿಗೆ ಮಾತ್ರ ಇಬ್ಬರೂ ಬರುತ್ತಿದ್ದರು, ಬೇರೆ ಬೇರೆ ಹೊತ್ತಿನಲ್ಲಿ.

ಮಣ್ಣು ಬದಲಿಸಿದರೆ ಎಲ್ಲ ಸರಿಹೋಗುತ್ತಿತ್ತು. ಆದರೆ ಸತ್ತವರ ದನಿ ಇರುವ ಮಣ್ಣಿಗೆ ಅವರ ಮನೆಯವರೇ ಮೊದಲ ಗುದ್ದಲಿ ಹಾಕಬೇಕು, ಅಲ್ಲಿಯವರೆಗೆ ಇನ್ನೊಬ್ಬರು ಮುಟ್ಟುವ ಹಾಗಿಲ್ಲ. ಇದು ಊರಿನ ಕಟ್ಟು. ತೆಗೆದ ಮಣ್ಣನ್ನು ಮಡಕೆಯಲ್ಲಿ ತುಂಬಿ ಮನೆಗೆ ಒಯ್ದು ನೋಡಿದವರಿದ್ದಾರೆ. ಜಾಗ ಬಿಟ್ಟ ಮಣ್ಣು ಮೂಕ. ಗೌರವ್ವ ಗುದ್ದಲಿ ಹಾಕಲಿಲ್ಲ. ದಿನವೂ ಬಿಸಿಲೇರಿದ ಮೇಲೆ ಭಟ್ಟಿ ಆರಿಸಿ, ಒಂದು ಹರಕು ಛತ್ರಿ ಹಿಡಿದು, ಅಂಕಣಕ್ಕೆ ಹೋಗಿ ಕೂರುತ್ತಿದ್ದಳು. ಹೀಗೆ ಮೂರು ವರ್ಷ.

ಮಂಡಿ ಲೀಗಿನ ಯಜಮಾನರು ಮಂಡಿಯಲ್ಲಿ ತೂಕ ಹಾಕುವ ನಿಂಗೇಗೌಡರು. ಒಂದು ದಿನ ಬಂದು ನನ್ನ ಮೆಷಿನ್ನಿನ ಮುಂದೆ ಕೂತರು.

"ಸಾಕಮ್ಮ, ಹುಡುಗ್ರು ಆಟ ಮರೆತವ್ರೆ. ಸಂಜೆ ಆದ್ರೆ ಇಸ್ಪೀಟು, ಇಲ್ಲಾಂದ್ರೆ ಹೊಡೆದಾಟ. ಗೌರವ್ವನ್ನ ನೀನೇ ಒಂದ್ ಮಾತು ಕೇಳು. ನಾವ್ ಕೇಳಿದ್ರೆ ಆಟಕ್ಕೋಸ್ಕರ ಅಂತಾಳೆ."

"ಕೇಳಬೌದು. ಆಮೇಲೆ ಗಿರಣಿಯೋರ ಜೊತೆ ಆಡ್ತೀರಾ?"

"ನಕ್ಕೋಳು ಬಂದು ಗೌರವ್ವನ ಕಾಲಿಗೆ ಬೀಳ್ಲಿ. ಅವತ್ತೇ ಆಡ್ತೀವಿ."

"ಗೌಡ್ರೇ, ಹರಿದ್ ಬಟ್ಟೆ ಹೊಲಿಯೋವಾಗ ಯಾವ ಮೊಳೆ ತಾಗಿ ಹರೀತು ಅಂತ ಕೇಳ್ತಾ ಕೂತ್ರೆ ಹೊಲಿಗೆ ಆಯ್ತದಾ?"

"ನಿನಗೇನಮ್ಮ, ಎರಡೂ ಕಡೆ ಕೂಲಿ ಬರ್ತದೆ," ಎಂದು ಎದ್ದುಹೋದರು.

ಅದೇ ವಾರ ದೊಡ್ಡಸ್ವಾಮಿ ಬಂದ. ಬಾಯ್ಲರಿನ ಮುಂದೆ ದುಡಿಯುವ ದೈತ್ಯ ಆಳು. ಕೈಯಲ್ಲಿ ಹಳೆಯ ಕಬಡ್ಡಿ ಚಡ್ಡಿ.

"ಸಾಕಕ್ಕ, ಇದು ಬಿಗಿ ಆಗದೆ. ಪಕ್ಕ ಬಿಚ್ಚಿ ಒಸಿ ಸಡ್ಲ ಮಾಡ್ಕೊಡು."

"ಆಟನೇ ಇಲ್ಲ, ಚಡ್ಡಿ ಯಾಕ್ಲಾ? ಹೊಟ್ಟೆ ಬಂದಿರೋದ್ನ ನಂಗೆ ತೋರ್ಸಕ್ ಬಂದ್ಯಾ?"

ಅವನು ನಗಲಿಲ್ಲ. ಚಡ್ಡಿಯನ್ನು ಮೆಷಿನ್ನಿನ ಮೇಲಿಟ್ಟು ಹೇಳಿದ: "ನಾನು ಗಿರಣಿಗೆ ಕೆರೆ ಸುತ್ತಿ ಹೋಗ್ತೀನಿ ಅಕ್ಕ, ಅಂಕಣದ ಮುಂದೆ ಹೋಗಲ್ಲ. ಮೊನ್ನೆ ನನ್ ಹೆಂಡ್ತಿ ಮಗಳ್ನ ಆ ದಾರೀಲಿ ಕರ್ಕೊಂಡ್ ಹೋಗವ್ಳೆ. ಮಗಳು ಸಾಯಂಕಾಲ ಬಂದು, 'ಅಪ್ಪ, ಅಲ್ಲಿ ನೀನು ಕೂಗ್ತಿದ್ದೆ. ಯಾರಪ್ಪ ನಾಟ್ಕ ಆಡ್ತಿದ್ದಿದ್ದು?' ಅಂತಾಳೆ. ನಾನೇನು ಹೇಳ್ಲಿ?"

ನಾನು ಚಡ್ಡಿಯನ್ನು ತೆಗೆದಿಟ್ಟುಕೊಂಡೆ.

ಗೌರವ್ವ ಭಟ್ಟಿಯ ಮುಂದೆ ಇದ್ದಳು. ಕಾದ ಮರಳಿನಲ್ಲಿ ಅಕ್ಕಿ ಅರಳುವ ಸದ್ದಿಗೆ ನಾನು ಹತ್ತಿರ ಹೋಗಿ ಮಾತಾಡಬೇಕಾಯಿತು. ಸುತ್ತಿ ಬಳಸದೆ ಕೇಳಿದೆ. ಅವಳು ಜರಡಿ ಆಡಿಸುವುದನ್ನು ನಿಲ್ಲಿಸಲಿಲ್ಲ.

"ಅವ್ನು ಅಲ್ಲಿ ಇನ್ನೂ ಉಸ್ರು ಹಿಡ್ಕೊಂಡವ್ನೆ ಸಾಕಕ್ಕ. ನಾನು ಹೋಗಿ, ಬುಡು ಮಗ, ಸಾಕು ಅನ್ಲಾ? ನೀನಾಗಿದ್ರೆ ಅಂತಿದ್ಯಾ?"

"ಇಲ್ಲ," ಎಂದೆ. ಸುಳ್ಳು ಹೇಳಿ ಪ್ರಯೋಜನವಿರಲಿಲ್ಲ. "ಆದ್ರೆ ಒಂದ್ ಉಪಾಯ ಐತೆ. ಕಲೆ ಬಿದ್ದ ಸೀರೇಲಿ ಒಳ್ಳೆ ತುಂಡು ಉಳಿಸ್ಕೊಂಡು ಮಿಕ್ಕಿದ್ದು ಕತ್ತರಿಸ್ತೀವಲ್ಲ, ಹಂಗೆ. ಚಲುವ ಬಿದ್ದ ಜಾಗ ಒಂದು ಚಾಪೆಯಷ್ಟು ಬಿಟ್ಟು ಮಿಕ್ಕಿದ್ದೆಲ್ಲ ಅಗೀಲಿ. ಅಂಕಣವ ಕೆರೆ ಕಡೆಗೆ ಸರಿಸ್ಕೊಳ್ಲಿ."

ಅವಳು ಮೊದಲ ಸಲ ನನ್ನ ಮುಖ ನೋಡಿದಳು. "ನೀನು ಒಂದ್ಸಲನೂ ಕೂತು ಕೇಳಿಲ್ಲ ಅಲ್ವಾ? ಬಾ."

ಹೋದೆವು. ಛತ್ರಿಯಲ್ಲಿ ಇಬ್ಬರಿಗೆ ಜಾಗವಿರಲಿಲ್ಲ, ಅವಳು ನನ್ನ ಕಡೆಗೇ ವಾಲಿಸಿದಳು. ಮಣ್ಣು ಕಾಯಿತು. ಮೊದಲು ಅಂಚಿನಿಂದ ಬೈಗುಳ, ಶಾಪ. ಸಂತೆಯಲ್ಲಿ ಕುಳಿತ ಹಾಗಾಯಿತು. ಆಮೇಲೆ ನಡುವಿನಿಂದ ಅವನು. ಎಷ್ಟು ಎಳೆಯ ದನಿ! ನನಗೆ ಅದು ಮರೆತೇ ಹೋಗಿತ್ತು. ಕಬಡ್ಡಿ, ಕಬಡ್ಡಿ, ಒಂದರ ಮೇಲೊಂದು, ಏರುತ್ತಾ ಏರುತ್ತಾ, ಮತ್ತೆ ನಡುವಿನಲ್ಲಿ ತುಂಡು. ತುಂಡಾದ ಕಡೆಯಿಂದಲೇ, ಅದೇ ಗೇಣು ಜಾಗದಿಂದ, ದೊಡ್ಡಸ್ವಾಮಿಯ ಕೂಗು. ಇಬ್ಬರ ತಲೆಯೂ ಒಂದೇ ಕಡೆ ಇತ್ತಲ್ಲ.

"ಎಲ್ಲಿ ಹಾಕ್ತೀಯ ಕತ್ರಿ?" ಎಂದಳು ಗೌರವ್ವ.

ನಾನು ಛತ್ರಿಯ ಕೋಲು ಹಿಡಿದು ಅವಳ ಕಡೆಗೆ ವಾಲಿಸಿದೆ.

"ದಿನಾ ಬತ್ತೀನಿ. ಇವತ್ತು ಪೂರೈಸ್ತಾನೆ, ಇವತ್ತು ಗೆರೆ ಮುಟ್ತಾನೆ ಅಂತ. ಮಣ್ಣಿಗೆ ಅಷ್ಟು ಬುದ್ಧಿ ಇಲ್ಲ ಅಂತ ಗೊತ್ತು. ಆದ್ರೂ ಬತ್ತೀನಿ."

ಮಾರನೆಯ ದಿನ ದೊಡ್ಡಸ್ವಾಮಿಗೆ ಚಡ್ಡಿ ಕೊಡುವಾಗ ಹೇಳಿದೆ: "ನಾನು ಹೊಲಿಯೋಳು ಕಣೋ, ನಿನ್ ಬದ್ಲು ಕೇಳೋಳಲ್ಲ. ಗೌರವ್ವನ ತಾವ ನೀನೇ ಹೋಗು. ಬಿಸಿಲೇರಿದ ಮೇಲೆ ಹೋಗು."

"ಅವಳ ಮುಂದೆ ನನ್ ಕೂಗು ಏಳೋವಾಗ್ಲಾ?"

"ಆಗ್ಲೇ."

ಅವನು ಬಂದ. ನಾನೂ ಇರಬೇಕೆಂದು ಬೇಡಿಕೊಂಡ, ಇದ್ದೆ. ಅವಳಿಂದ ನಾಲ್ಕು ಮಾರು ದೂರದಲ್ಲಿ, ಬಿಸಿಲಿನಲ್ಲಿ, ಮಂಡಿಯೂರಿ ಕೂತ. ಚಲುವನ ದನಿ ಬಂತು, ಹೋಯಿತು. ಅವನ ಕೂಗು ಬಂತು. ಅವನು ಎರಡು ಕೈಯಿಂದಲೂ ಬಾಯಿ ಮುಚ್ಚಿಕೊಂಡ, ಈಗ ಮುಚ್ಚಿದರೆ ಆಗ ಕೂಗಿದ್ದು ನಿಲ್ಲುತ್ತದೇನೋ ಎನ್ನುವ ಹಾಗೆ.

"ಅಕ್ಕ, ನಾನು ನಿಜ್ವಾಗ್ಲೂ ನಾಟ್ಕ ಅಂದ್ಕೊಂಡೆ," ಎಂದ. "ಹಿಂದಿನ್ ವರ್ಷ ಹಂಗೇ ಮಾಡಿ ನನ್ ಕೈಯಿಂದ ಜಾರಿದ್ದ. ಊರೆಲ್ಲ ನನ್ನ ನೋಡಿ ನಕ್ಕಿತ್ತು. ಅದ್ಕೇ ಈ ಸಲ ಬಿಡ್ಲಿಲ್ಲ."

"ಗೊತ್ತು. ಮನೇಲೂ ಹಂಗೇ ಮಾಡೋನು. ನೀರು ತಗೊಂಡ್ ಬಾ ಅಂದ್ರೆ ಸತ್ತಂಗೆ ಬೀಳೋನು. ಕಚಗುಳಿ ಇಡೋ ಗಂಟ ಏಳ್ತಿರ್ಲಿಲ್ಲ." ಅವಳು ಛತ್ರಿಯನ್ನು ಮಡಚಿ ಪಕ್ಕಕ್ಕಿಟ್ಟಳು. "ನಿನ್ ಕೂಗಿನ ಹಿಂದೆ ಒಂದು ನಗು ಬತ್ತದಲ್ಲ, ಕೇಳಿಸ್ತಾ?"

"ಕೇಳಿಸ್ತು. ನಮ್ ಕಡೇಲಿ ಎಲ್ರನ್ನೂ ಕೇಳಿವ್ನಿ ಅಕ್ಕ, ಆಣೆ ಮಾಡ್ಸಿವ್ನಿ. ಯಾರೂ ಒಪ್ಕೊಳಲ್ಲ."

"ಅವ್ರು ಹೆಂಗೆ ಒಪ್ಕೊಂಡಾರು? ಅದು ನಂದು."

ದೊಡ್ಡಸ್ವಾಮಿ ಅವಳನ್ನೇ ನೋಡಿದ. ಗೌರವ್ವ ನೋಡುತ್ತಿದ್ದದ್ದು ನಡುಗೆರೆಯನ್ನು.

"ಆವತ್ತು ಪುರಿ ಮಾರಕ್ಕೆ ಅಂತ ನಿಮ್ ಕಡೆ ನಿಂತಿದ್ದೆ. ನೀನು ಕೂಗಿದ್ದೇ ತಡ, ನಂಗೂ ಹಂಗೇ ಅನ್ನಿಸ್ತು. ಅಗೋ ನನ್ ಮಗ ಸುರು ಮಾಡ್ದ ಅಂತ ನಗು ಬಂದ್ಬುಡ್ತು. ಸಾಕಿದ್ ನಂಗೇ ಗೊತ್ತಾಗ್ಲಿಲ್ಲ. ಕಾಲು ಹಿಡ್ದೋನು ನೀನು, ನಿಂಗೆ ಗೊತ್ತಾಗ್ಬೇಕಿತ್ತು ಅಂತ ನಾನು ಯಾವ ಬಾಯಲ್ಲಿ ಹೇಳ್ಲಿ?"

ಅಂಚಿನಿಂದ ಮಂಡಿಯವರ ಶಾಪಗಳು ಏಳುತ್ತಲೇ ಇದ್ದವು. ನಾಲಿಗೆ ಸೀದುಹೋಗಲಿ, ವಂಶ ಅಳಿಯಲಿ. ಅವಳ ಪರವಾಗಿ ಅವಳ ಕೇರಿಯವರೇ ಹಾಕಿದ ಶಾಪ. ಮೂರು ವರ್ಷ ಆ ಹೆಂಗಸು ತಮ್ಮನ ದನಿಗೆ ಬಂದು ಕೂತು, ಅದನ್ನೂ ಕೇಳಿಕೊಂಡು ಎದ್ದು ಹೋಗಿದ್ದಳು.

ದೊಡ್ಡಸ್ವಾಮಿ ಹೇಳಿದ: "ನಕ್ಕೋಳು ನನ್ ಹೆಂಡ್ತಿ ಅಂತ ಹೇಳ್ಬುಡ್ತೀನಿ. ಅವ್ಳನ್ನ ಒಪ್ಪುಸ್ತೀನಿ. ನಿನ್ ಕಾಲಿಗೂ ಬೀಳುಸ್ತೀನಿ. ಇದು ನಮ್ ಮೂವರಲ್ಲೇ ಇರ್ಲಿ."

"ಬ್ಯಾಡ," ಎಂದಳು ಗೌರವ್ವ. "ನಿನ್ ಮಗಳು ನಿನ್ ಕೂಗು ಕೇಳಿರೋದೇ ಸಾಕು. ಅವ್ರವ್ವನ ತಲೆ ಮೇಲೆ ನನ್ ನಗು ಬ್ಯಾರೆ ಹೊರಿಸ್ಬ್ಯಾಡ." ಮೊಣಕಾಲಿಗೆ ಕೈಯೂರಿ ಎದ್ದಳು. "ಗುದ್ದಲಿ ತತ್ತೀನಿ. ಎರಡೂ ಲೀಗಿನೋರು ಬರ್ಲಿ."

ಬಂದರು. ಮಂಡಿಯವರು ಒಂದು ಕಡೆ, ಗಿರಣಿಯವರು ಒಂದು ಕಡೆ, ನಡುವೆ ಹತ್ತು ಮಾರು ಖಾಲಿ. ನಮ್ಮೂರಿನಲ್ಲಿ ದೊಡ್ಡ ಸಭೆಗೆ ಮಾತು ಹೇಳುವ ರೀತಿ ಹೀಗಿದೆ: ಹೇಳುವವರು ಮೆಲ್ಲಗೆ ಹೇಳುತ್ತಾರೆ, ಮುಂದಿನ ಸಾಲಿನವರು ಹಿಂದಿನವರಿಗೆ, ಅವರು ಅವರ ಹಿಂದಿನವರಿಗೆ ದಾಟಿಸುತ್ತಾರೆ. ಮಾತು ಎಲ್ಲಿಗೆ ತಲುಪಿತು ಎಂದು ತಿರುಗುವ ತಲೆಗಳನ್ನು ನೋಡಿ ಹೇಳಬಹುದು. ಗೌರವ್ವ ನಡುಗೆರೆಯ ಮೇಲೆ ನಿಂತು ಹೇಳಿದಳು: "ಆವತ್ತು ನಕ್ಕೋಳು ನಾನೇ. ನಾಟ್ಕ ಅಂತ ನಾನೂ ಅಂದ್ಕೊಂಡೆ. ಇನ್ನು ಯಾರನ್ನೂ ಬಯ್ಯಬ್ಯಾಡಿ."

ಮಾತು ಎರಡೂ ಕಡೆಗೆ ಸಾಲುಸಾಲಾಗಿ ಹೋಯಿತು. ಗಿರಣಿ ಕಡೆಯಲ್ಲಿ ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮೂರು ವರ್ಷ ಆಣೆ ಮಾಡಿದವರು ಅವರು. ನೋಡಿದಿರಾ ಎಂದು ಕೆಣಕುವುದಕ್ಕೆ ಅವರಿಗೆ ಹಕ್ಕಿತ್ತು, ಒಬ್ಬಳೂ ಕೆಣಕಲಿಲ್ಲ. ಮಂಡಿ ಕಡೆಯಲ್ಲಿ ಮಾತು ಕೊನೆಯ ಸಾಲಿಗೆ ಮುಟ್ಟಿದಾಗ ನಿಂಗೇಗೌಡರು ನಿಂತಲ್ಲೇ ಕುಕ್ಕರುಗಾಲಿನಲ್ಲಿ ಕೂತುಬಿಟ್ಟರು. ಎಲ್ಲರಿಗಿಂತ ಗಟ್ಟಿಯಾಗಿ ಶಪಿಸಿದವರು ಅವರೇ, ಅವರ ದನಿ ಅಂಚಿನಲ್ಲಿ ಎಲ್ಲರಿಗೂ ಗುರುತು ಸಿಗುತ್ತಿತ್ತು.

ಆಮೇಲೆ ಬಿಸಿಲೇರುವವರೆಗೆ ಕಾದೆವು. ಕೊನೆಯ ಸಲ ಎಲ್ಲರೂ ಕೇಳಲಿ ಎಂದು ಗೌರವ್ವ ಬಯಸಿದ್ದಳು. ಚಲುವ ಎದ್ದ, ದೊಡ್ಡಸ್ವಾಮಿ ಎದ್ದ, ನಗು ಎದ್ದಿತು, ಶಾಪಗಳು ಎದ್ದವು. ನಾವು ನಮ್ಮದನ್ನೆಲ್ಲ ಕೇಳಿಕೊಂಡು ನಿಂತೆವು. ಅಡಗಿದ ಮೇಲೆ ಅವಳು ಸೆರಗು ಸಿಕ್ಕಿಸಿಕೊಂಡು ಆ ಗೇಣು ಜಾಗಕ್ಕೆ ಗುದ್ದಲಿ ಹಾಕಿದಳು. ಮೊದಲನೇ ಏಟು ನೆಲಕ್ಕೆ ಇಳಿಯಲಿಲ್ಲ, ತುಳಿದು ತುಳಿದು ಕಲ್ಲಾಗಿತ್ತು. ಎರಡನೆಯದೂ ಇಳಿಯಲಿಲ್ಲ. ಯಾರೂ ನೆರವಿಗೆ ಹೋಗುವ ಹಾಗಿರಲಿಲ್ಲ. ಮೂರನೆಯದಕ್ಕೆ ಹೆಂಟೆ ಎದ್ದಿತು. ಅವಳು ಅದನ್ನು ಕೈಯಲ್ಲಿ ಹಿಡಿದು ಕಿವಿಗಿಟ್ಟುಕೊಂಡಳು. ನಾನು ಹತ್ತಿರವೇ ಇದ್ದೆ. ಅದರಲ್ಲಿ ಏನೂ ಇರಲಿಲ್ಲ. ಪಕ್ಕದ ಬಿದಿರಿನ ಮಂಕರಿಗೆ ಹಾಕಿದಳು.

ನಿಂಗೇಗೌಡರು ಸಾಲು ಸೀಳಿಕೊಂಡು ಬಂದರು. ಅವರು ತಲೆಯ ಮೇಲೆ ಹೊರೆ ಹೊತ್ತು ಯಾವ ಕಾಲವಾಗಿತ್ತೋ. ವಲ್ಲಿಯನ್ನು ಸಿಂಬಿ ಸುತ್ತಿ ತಲೆಯ ಮೇಲಿಟ್ಟುಕೊಂಡು ಆ ಮೊದಲ ಮಂಕರಿಯ ಮುಂದೆ ಬಗ್ಗಿ ನಿಂತರು. ಎತ್ತಿ ಇಟ್ಟವನು ದೊಡ್ಡಸ್ವಾಮಿ. "ಭಾರ ಆಯ್ತದೆ ಗೌಡ್ರೇ," ಎಂದ. "ಆಗ್ಲಿ ಬುಡ್ಲಾ," ಎಂದರು ಅವರು. ಅಷ್ಟೇ ಅವರಿಬ್ಬರ ರಾಜಿ. ಆಮೇಲೆ ಎರಡೂ ಕಡೆಯವರು ಒಂದೇ ಸಾಲಿನಲ್ಲಿ ನಿಂತು ಮಂಕರಿ ದಾಟಿಸಿದರು, ಇವರ ಕೈಯಿಂದ ಅವರ ಕೈಗೆ. ಮಣ್ಣೆಲ್ಲ ಹಳೆಯ ಕಲ್ಲುಕ್ವಾರಿಯ ಗುಂಡಿಗೆ ಹೋಯಿತು.

ಆ ಸುಗ್ಗಿಯಲ್ಲೇ ದೊಡ್ಡಾಟ ನಡೆಯಿತು. ಹೊಸ ಮಣ್ಣು, ಬಾಯೊಳಗಿನ ಉಸಿರು, ವಲ್ಲಿಯ ಗಾಳಿ. ಗಿರಣಿಯವರು ಗೆದ್ದು ಮಂಡಿಯವರಿಗೆ ಬಡಿಸಿದರು. ಈಗ ಒಂದು ಹೊಸ ಕಟ್ಟು ಬಂದಿದೆ: ಹಿಡಿತಕ್ಕೆ ಸಿಕ್ಕವನು ಸಡಿಲ ಬಿದ್ದರೆ ಎಲ್ಲರೂ ಕೈ ಬಿಟ್ಟು ಎದ್ದು ನಿಲ್ಲಬೇಕು. ಕಳ್ಳ ಹುಡುಗರು ಬೇಕೆಂದೇ ಬಿದ್ದು ಗೆರೆ ಮುಟ್ಟುತ್ತಾರೆ. ಹೋದರೆ ಒಂದು ಅಂಕ ಹೋಗಲಿ ಎಂದು ಎದುರಾಳಿಗಳೇ ಮಣ್ಣು ಕೊಡವಿ ಕಳಿಸುತ್ತಾರೆ. ಗೌರವ್ವ ಎರಡೂ ಕಡೆಗೆ ಪುರಿ ಮಾರುತ್ತಾಳೆ. ಆದರೆ ಆಟ ಶುರುವಾಗುವ ಮೊದಲೇ ಬುಟ್ಟಿ ಎತ್ತಿಕೊಂಡು ಹೊರಡುತ್ತಾಳೆ.

ಮೊನ್ನೆ ರವಿಕೆ ಅಳತೆ ಕೊಡಲು ಬಂದಾಗ ಗೌರವ್ವ ಕೇಳಿದಳು: "ಸಾಕಕ್ಕ, ಚಲುವನ ದನಿ ನಿಂಗೆ ಗ್ಯಾನ ಐತಾ? ನಂಗೆ ಮುಖ ಬತ್ತದೆ, ದನಿ ಬತ್ತಿಲ್ಲ. ಒಂದ್ಸಲ ಅಂದು ತೋರ್ಸು."

ನಾನು ಬಾಯಿ ತೆರೆದೆ. ಕಬಡ್ಡಿ ಎಂಬ ಮಾತು ಬಂತು, ನನ್ನ ದನಿಯಲ್ಲೇ ಬಂತು. ಅವಳು ತಲೆಯಾಡಿಸಿ, ತೋಳು ಸ್ವಲ್ಪ ಸಡಿಲವಿರಲಿ ಎಂದು ಹೇಳಿ ಹೋದಳು.

ಊರಿಗೆ ಆಟ ಬಂತು. ಮಂಡಿಗೂ ಗಿರಣಿಗೂ ಮಾತು ಬಂತು, ಮುರಿದಿದ್ದ ಮದುವೆ ಆಯಿತು. ದೊಡ್ಡಸ್ವಾಮಿ ಕೆರೆ ಸುತ್ತದೆ ನೆಟ್ಟಗೆ ಗಿರಣಿಗೆ ಹೋಗುತ್ತಾನೆ. ಚಲುವನ ದನಿ ಈಗ ಎಲ್ಲಿಯೂ ಇಲ್ಲ.